ಕಣ್ಣೊಳಗಿನ ಉರಿಯೂತ: ಡ್ರಾಪ್ಸ್ ಶುರು ಮಾಡುವುದು, ಇಳಿಸುವುದು, ನಿಲ್ಲಿಸುವುದು

ಕಣ್ಣು ಕೆಂಪಾದರೆ ನಮ್ಮ ಕಡೆ ಮೊದಲು ಬರುವ ಮಾತು ‘ಮದ್ರಾಸ್ ಐ’. ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡು, ಮನೆಯಲ್ಲಿ ಇನ್ನೊಬ್ಬರಿಗೂ ಬಂದಿದ್ದರೆ ಅದೇ ಇರಬಹುದು. ಆದರೆ ಗೀಜಿಲ್ಲ, ಒಂದೇ ಕಣ್ಣು, ಕೆಂಪು ಕರಿಗುಡ್ಡೆಯ ಅಂಚಿನಲ್ಲೇ ಹೆಚ್ಚು, ಒಳಗೆ ನೋವು, ಬೆಳಕು ಚುಚ್ಚುತ್ತದೆ, ನೋಟ ಮಂಜು ಎಂದಾದರೆ ಯುವೈಟಿಸ್, ಅಂದರೆ ಕಣ್ಣೊಳಗಿನ ಉರಿಯೂತ, ಇರಬಹುದೆಂದು ಅನುಮಾನಿಸಿ. ಉರಿಯೂತ ಕಣ್ಣಿನ ಹಿಂಭಾಗದಲ್ಲಿದ್ದರೆ ಕೆಂಪೂ ನೋವೂ ಇಲ್ಲದೆ, ಬರೀ ಕಪ್ಪು ಚುಕ್ಕಿಗಳು ತೇಲಿ ಅಕ್ಷರ ಮಸುಕಾಗಬಹುದು. ಎರಡರಲ್ಲೂ ಅವತ್ತೇ, ತಪ್ಪಿದರೆ ಮರುದಿನ, ಸ್ಲಿಟ್ ಲ್ಯಾಂಪ್ (ಕಣ್ಣೊಳಗನ್ನು ಹಿಗ್ಗಿಸಿ ನೋಡುವ ಯಂತ್ರ) ಇರುವ ಕಡೆ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಕಣ್ಣಿನ ವಿಭಾಗವಿದೆ.

ಅಲ್ಲಿಗೆ ಹೋಗುವ ಮೊದಲು ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳಬೇಡಿ, ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಕಬ್ಬು ಕಡಿಯುವಾಗ ಗರಿ ತಾಗಿ ಕರಿಗುಡ್ಡೆಯ ಮೇಲೆ ಹುಣ್ಣಾಗಿದ್ದರೂ ಕಣ್ಣು ಹೀಗೇ ಕೆಂಪಾಗಿ ನೋಯುತ್ತದೆ. ಆ ಹುಣ್ಣು ಫಂಗಸ್‌ನಿಂದಾಗಿದ್ದರೆ ಸ್ಟೀರಾಯ್ಡ್ ಬಿದ್ದಷ್ಟೂ ಅದು ಆಳಕ್ಕಿಳಿಯುತ್ತದೆ, ಗುಡ್ಡೆ ತೂತಾಗುವುದೂ ಉಂಟು. ಹರ್ಪಿಸ್ ವೈರಸ್‌ನಿಂದಾದ ಹುಣ್ಣಿಗೂ ಇದೇ ಅಪಾಯ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಯಾವುದೂ ಬೇಡ.

ವೈದ್ಯರ ಮೊದಲ ಕೆಲಸ ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು. ನಮ್ಮ ದೇಶದಲ್ಲಿ ಕ್ಷಯ ಮುಖ್ಯ ಅನುಮಾನ. ಅದಕ್ಕೇ ಮಾಂಟೂ ಪರೀಕ್ಷೆ, ಎದೆಯ ಎಕ್ಸ್‌ರೇ ಬರೆಯುತ್ತಾರೆ. ಸಿಫಿಲಿಸ್‌ನ ರಕ್ತಪರೀಕ್ಷೆ ಬರೆದರೆ ಮುಜುಗರ ಬೇಡ, ಅದು ಎಲ್ಲರಿಗೂ ಮಾಡುವಂಥದ್ದು. ಸೋಂಕಿಲ್ಲವೆಂದಾದರೆ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣಿನ ಮೇಲೆ ತಿರುಗಿಬಿದ್ದಿದೆ ಎಂದರ್ಥ. ಇಲ್ಲಿ ನೀವು ಕೊಡುವ ವಿವರ ಎಷ್ಟೋ ಸಲ ಲ್ಯಾಬ್ ವರದಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಬೆಳಿಗ್ಗೆ ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತದೆಯೇ? ಹಾಗಿದ್ದರೆ ಬೆನ್ನುಮೂಳೆಯ ವಾತಕ್ಕೆ ನಂಟಿರುವ ಎಚ್‌ಎಲ್‌ಎ-ಬಿ27 ಎಂಬ ಜೀನಿನ ರಕ್ತಪರೀಕ್ಷೆ ಬೇಕಾಗುತ್ತದೆ. ಬಾಯಲ್ಲಿ ಪದೇಪದೇ ಹುಣ್ಣು, ಸೋರಿಯಾಸಿಸ್, ಮಲದಲ್ಲಿ ರಕ್ತ, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಚರ್ಮದ ಮೇಲೆ ಬಿಳಿ ಮಚ್ಚೆ, ಯಾವುದನ್ನೂ ‘ಕಣ್ಣಿಗೂ ಅದಕ್ಕೂ ಏನು’ ಎಂದು ಮುಚ್ಚಿಡಬೇಡಿ. ಎಲ್ಲ ಪರೀಕ್ಷೆ ಮಾಡಿಸಿದರೂ ಅನೇಕರಲ್ಲಿ ಕಾರಣ ಸಿಗುವುದಿಲ್ಲ. ಚಿಕಿತ್ಸೆ ಅದಕ್ಕಾಗಿ ನಿಲ್ಲುವುದೂ ಇಲ್ಲ. ಕೀಲುವಾತವಿರುವ ಮಕ್ಕಳ ಕಣ್ಣು ಕೆಂಪೇ ಆಗದೆ ಒಳಗೊಳಗೇ ಹಾಳಾಗಬಹುದು. ಅಪಾಯ ಹೆಚ್ಚಿರುವ ಮಕ್ಕಳಿಗೆ 3 ತಿಂಗಳಿಗೊಮ್ಮೆ ತಪಾಸಣೆ ಬೇಕು.

ಮುಂಭಾಗದ ಉರಿಯೂತಕ್ಕೆ ಸಾಮಾನ್ಯವಾಗಿ ಕೊಡುವುದು ಪ್ರೆಡ್ನಿಸೊಲೋನ್ ಅಸಿಟೇಟ್ 1% ಎಂಬ ಸ್ಟೀರಾಯ್ಡ್ ಡ್ರಾಪ್ಸ್. ಮದ್ದು ತಳದಲ್ಲಿ ಕೂರುತ್ತದೆ. ಚೆನ್ನಾಗಿ ಕುಲುಕದೆ ಹಾಕಿದರೆ ಕಣ್ಣಿಗೆ ಬೀಳುವುದು ಬಹುಪಾಲು ಬರೀ ನೀರು. ಕೈ ತೊಳೆದು, ಕೆಳರೆಪ್ಪೆ ಎಳೆದು, ಒಂದೇ ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಇನ್ನೊಂದು ಡ್ರಾಪ್ಸ್‌ಗೆ 5 ನಿಮಿಷ ಬಿಡಿ. ಉರಿಯೂತ ಜೋರಿದ್ದರೆ ಎಚ್ಚರವಿರುವಷ್ಟು ಹೊತ್ತು ಗಂಟೆಗೊಂದು ಹನಿ. ಆ ಲೆಕ್ಕದಲ್ಲಿ 5 ಮಿ.ಲೀ. ಬಾಟಲಿ ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತದೆ, ಎರಡನೆಯದನ್ನು ಮೊದಲೇ ತಂದಿಟ್ಟುಕೊಳ್ಳಿ.

ಹೆಚ್ಚು ಜನ ಎಡವುವುದು ಇದಾದ ಮೇಲೆ. ನಾಲ್ಕೈದು ದಿನಕ್ಕೆ ನೋವು ಹೋಗುತ್ತದೆ, ಬಾಟಲಿ ಕಪಾಟು ಸೇರುತ್ತದೆ. ನೋವು ಹೋದರೂ ಉರಿಯೂತದ ಕಣಗಳು ಒಳಗೆ ಇನ್ನೂ ತೇಲುತ್ತಿರುತ್ತವೆ, ಅವು ಕಾಣುವುದು ಸ್ಲಿಟ್ ಲ್ಯಾಂಪ್‌ನಲ್ಲಿ ಮಾತ್ರ. ದಿನಕ್ಕೆ 6, ಆಮೇಲೆ 4, 3, 2, 1 ಎಂದು ವಾರವಾರ ಇಳಿಸುತ್ತಾ ಬರಲು ಸುಮಾರು 6 ವಾರ ಹಿಡಿಯುತ್ತದೆ. ಪ್ರತಿ ಇಳಿಕೆಯನ್ನೂ ವೈದ್ಯರು ನೋಡಿಯೇ ಹೇಳಬೇಕು. ಹಾಗೆಂದು ಚೀಟಿ ಮುಗಿದ ಮೇಲೂ ನೀವೇ ಮುಂದುವರಿಸಬೇಡಿ. ಸ್ಟೀರಾಯ್ಡ್‌ನಿಂದ ಕಣ್ಣಿನ ಪ್ರೆಷರ್ ನೋವಿಲ್ಲದೆ ಏರುತ್ತದೆ, ಪೊರೆಯೂ ಬೇಗ ಬರುತ್ತದೆ. ಪ್ರತಿ ಭೇಟಿಯಲ್ಲೂ ಪ್ರೆಷರ್ ನೋಡಿಸಿ.

ಜೊತೆಗೆ ಬರೆಯುವ ಹೋಮಟ್ರೋಪಿನ್ ಅಥವಾ ಅಟ್ರೋಪಿನ್ ಪಾಪೆಯನ್ನು ಅಗಲಿಸುತ್ತದೆ. ‘ಇದರಿಂದಲೇ ಮಂಜು’ ಎಂದು ಬಿಟ್ಟರೆ ಪಾಪೆಯ ಅಂಚು ಹಿಂದಿನ ಮಸೂರಕ್ಕೆ ಅಂಟಿ ಸೊಟ್ಟಗಾಗುತ್ತದೆ. ಸುತ್ತಲೂ ಅಂಟಿಕೊಂಡರೆ ಒಳಗಿನ ದ್ರವಕ್ಕೆ ದಾರಿ ಇಲ್ಲದೆ ಪ್ರೆಷರ್ ಏರಿ, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಆಗುತ್ತದೆ. ಈ ಮದ್ದು ನಡೆಯುವಾಗ ಗಾಡಿ ಓಡಿಸಬೇಡಿ.

ಹಿಂಭಾಗದ ಉರಿಯೂತಕ್ಕೆ ಡ್ರಾಪ್ಸ್ ಸಾಲದು. ಪ್ರೆಡ್ನಿಸೊಲೋನ್ ಮಾತ್ರೆ ಕಿಲೋ ತೂಕಕ್ಕೆ 1 ಮಿ.ಗ್ರಾಂ.ವರೆಗೆ, ಸಾಮಾನ್ಯವಾಗಿ ದಿನಕ್ಕೆ 60 ಮೀರದಂತೆ, ಬೆಳಿಗ್ಗೆ ತಿಂಡಿಯಾದ ಮೇಲೆ. ವಾರಗಟ್ಟಲೆ ತೆಗೆದುಕೊಂಡು ಒಮ್ಮೆಲೇ ನಿಲ್ಲಿಸಿದರೆ ಸುಸ್ತು, ವಾಂತಿ, ಬಿ.ಪಿ. ಕುಸಿತ ಆಗಬಹುದು. ಸಕ್ಕರೆ ಕಾಯಿಲೆಯವರು ಖಾಲಿ ಹೊಟ್ಟೆಯ ಪರೀಕ್ಷೆಯನ್ನೇ ನಂಬಬೇಡಿ. ಬೆಳಗಿನ ಮಾತ್ರೆಗೆ ಸಕ್ಕರೆ ಏರುವುದು ಮಧ್ಯಾಹ್ನದ ಊಟದ ನಂತರ.

ಮೂರು ತಿಂಗಳಾದರೂ ಮಾತ್ರೆ ದಿನಕ್ಕೆ 7.5 ಮಿ.ಗ್ರಾಂ.ಗೆ ಇಳಿಯದಿದ್ದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್‌ನಂಥ ಮದ್ದು ಸೇರಿಸುತ್ತಾರೆ. ಇದು ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಅಪಾಯ. ವಾರದ ಯಾವ ದಿನವೆಂದು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಮದ್ಯ ಬೇಡ, ಗರ್ಭಿಣಿಯರಿಗಂತೂ ಕೂಡದು. ರಕ್ತ ಮತ್ತು ಲಿವರ್ ಪರೀಕ್ಷೆ ತಪ್ಪಿಸಬೇಡಿ.

ಅದಕ್ಕೂ ಬಗ್ಗದಿದ್ದರೆ ಅಡಾಲಿಮುಮಾಬ್ ಇಂಜೆಕ್ಷನ್: ವಯಸ್ಕರಿಗೆ ಮೊದಲು 80 ಮಿ.ಗ್ರಾಂ., ವಾರದ ನಂತರ 40, ಆಮೇಲೆ ಎರಡು ವಾರಕ್ಕೊಮ್ಮೆ 40. ಅಡಗಿರುವ ಕ್ಷಯವನ್ನು ಇದು ಕೆರಳಿಸುವುದರಿಂದ ಮೊದಲು ಪರೀಕ್ಷೆ ಆಗಲೇಬೇಕು. 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಬಾರದು. ಮೈಸೂರಿನಲ್ಲಿ ಕೊಂಡು ಮಳವಳ್ಳಿಗೋ ನಾಗಮಂಗಲಕ್ಕೋ ಬಸ್ಸಿನಲ್ಲಿ ಒಯ್ಯುವವರು ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು, ಪ್ಯಾಕಿಗೂ ಇಂಜೆಕ್ಷನ್ನಿಗೂ ನಡುವೆ ಬಟ್ಟೆ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿಸಿಯೂ ಬಳಸುವಂತಿಲ್ಲ.