ಹಳೆಯ ಮಸಲ್ ಕಾರಿಗೆ ತಗ್ಗು ಸೀಟು: ಕೊಳ್ಳುವ ಮುಂಚೆ ಅಳೆಯುವುದು ಹೇಗೆ

ತಗ್ಗು ಸೀಟು ಎಂದು ಮಾರುವಾಗ ಹೇಳುವ ಅಳತೆ ಬಹಳಷ್ಟು ಸಲ ಸೀಟಿನ ಬೆನ್ನಿನ ಎತ್ತರದ್ದು. ಮಸಲ್ ಕಾರು ಎಂದರೆ ಬಲವಾದ ಎಂಜಿನ್ನಿನ ಹಳೆಯ ಅಮೆರಿಕನ್ ಕಾರು. 1965ರ ಫೋರ್ಡ್ ಮಸ್ಟಾಂಗ್‌ನಲ್ಲಾಗಲಿ 1969ರ ಶೆವರ್ಲೆ ಕಮಾರೊದಲ್ಲಾಗಲಿ ತಲೆ ಛಾವಣಿಗೆ ತಾಗುವುದು, ತೊಡೆ ಸ್ಟೀರಿಂಗ್‌ಗೆ ಸಿಕ್ಕಿಕೊಳ್ಳುವುದು ಅದರಿಂದಲ್ಲ. ಕುಳಿತಾಗ ಒತ್ತಿಹೋದ ಕುಶನ್ ನೆಲದಿಂದ ಎಷ್ಟು ಮೇಲಿದೆ ಎನ್ನುವುದೇ ಲೆಕ್ಕ.

ಮೊದಲು ಇರುವ ಸೀಟನ್ನೇ ನೋಡಿ. ಹೊಸ ಫೋಮ್ ಹಾಕಿಸಿದ ಮೇಲೆ ತಲೆ ತಾಗಲು ಶುರುವಾಗಿದ್ದರೆ ಸೀಟು ಬದಲಿಸುವ ಅಗತ್ಯವೇ ಇಲ್ಲದಿರಬಹುದು. ಹಳೆಯ ಫೋಮ್ ವರ್ಷಗಟ್ಟಲೆ ಕುಸಿದಿರುತ್ತದೆ, ಹೊಸದು ಗಟ್ಟಿ. ಅದರ ಅಡಿಭಾಗದಿಂದ ಒಂದು ಇಂಚು ಸೀಳಿ ತೆಗೆಯಿರಿ. ಸ್ಪ್ರಿಂಗ್ ಮತ್ತು ಫೋಮ್ ನಡುವಿನ ಗೋಣಿಬಟ್ಟೆ ಮಾತ್ರ ಉಳಿಯಲಿ. ಇಲ್ಲದಿದ್ದರೆ ತಂತಿ ಫೋಮನ್ನು ಕತ್ತರಿಸಿಕೊಂಡು ಮೇಲೆ ಬರುತ್ತದೆ.

ಅದೂ ಸಾಲದಿದ್ದರೆ ಅಳತೆಗೆ ಇಳಿಯಿರಿ. ಸೀಟು, ಅದು ಹಿಂದೆ ಮುಂದೆ ಜಾರುವ ರೈಲು (ಸ್ಲೈಡರ್) ಎರಡನ್ನೂ ಬಿಚ್ಚಿ, ಬೋಲ್ಟ್ ಕೂರುವ ಜಾಗದ ಮೇಲೆ ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಎರಡು ಇಂಚಿನ ಫೋಮ್ ಹಾಸಿ. ಶೂ ಹಾಕಿಕೊಂಡು, ಬೆನ್ನಿಗೆ ಆಸರೆ ಕೊಟ್ಟು ಕುಳಿತುಕೊಳ್ಳಿ. ಟ್ರ್ಯಾಕ್‌ಗೆ ಹೋಗುವವರು ಹೆಲ್ಮೆಟ್ ಹಾಕಿಯೇ ಕೂರಬೇಕು. ತಲೆಯ ಮೇಲೆ ಎರಡು ಇಂಚು ಬಿಡುವು ಸಿಗುವವರೆಗೆ, ಆದರೆ ಬಾನೆಟ್ಟಿನ ಆಚೆ ರಸ್ತೆ ಕಾಣುವಷ್ಟಕ್ಕೆ, ತುಂಡು ಸೇರಿಸಿ ಅಥವಾ ತೆಗೆಯಿರಿ. ಈಗ ಬೋಲ್ಟ್ ಮಟ್ಟದಿಂದ ನಿಮ್ಮ ಪೃಷ್ಠದ ತಳದವರೆಗೆ ಇನ್ನೊಬ್ಬರಿಂದ ಅಳೆಸಿ. ಹೊಸ ಸೀಟಿನ ಒತ್ತಿದ ಕುಶನ್, ಸ್ಲೈಡರ್, ಬ್ರಾಕೆಟ್ ಮೂರೂ ಸೇರಿ ಈ ಅಂಕಿಯನ್ನು ಮೀರಬಾರದು. ಸ್ಲೈಡರ್ ಒಂದೇ ಹತ್ತಿರ ಹತ್ತಿರ ಒಂದು ಇಂಚು ತಿನ್ನುತ್ತದೆ. ಎಲ್ಲರೂ ಮರೆಯುವುದು ಇದನ್ನೇ.

ಅಗಲವನ್ನು ಮೂರು ಕಡೆ ಅಳೆಯಿರಿ: ನೆಲದಲ್ಲಿ ಟನಲ್‌ನಿಂದ (ಕಾರಿನ ನಡುವೆ ಉದ್ದಕ್ಕೂ ಉಬ್ಬಿದ ಭಾಗ) ಬಾಗಿಲಿನ ಹೊಸ್ತಿಲವರೆಗೆ, ಕುಶನ್ ಮಟ್ಟದಲ್ಲಿ, ಮತ್ತೆ ಬಾಗಿಲು ಮುಚ್ಚಿ ಆರ್ಮ್‌ರೆಸ್ಟ್ ಮಟ್ಟದಲ್ಲಿ. ಸೀಟಿನ ಪಕ್ಕದ ದಿಂಬು ದಪ್ಪಗಿದ್ದರೆ ಗಾಜು ಇಳಿಸುವ ಹಿಡಿ ಅದಕ್ಕೆ ಬಡಿಯುತ್ತದೆ.

ಗುಜರಿಯಿಂದ ತರುವುದಾದರೆ ಮಜ್ದಾ ಮಿಯಾಟಾದ ಸೀಟು ಚಿಕ್ಕದು, ತಗ್ಗು. ಬಹಳ ಜನ ಅದನ್ನೇ ಹುಡುಕುತ್ತಾರೆ. ಆದರೆ ಅದು ಇಬ್ಬರೇ ಕೂರುವ ಕಾರಿನದು. ಹಿಂದಿನ ಸೀಟಿಗೆ ಜನ ಹತ್ತಬೇಕಾದರೆ ಎರಡು ಬಾಗಿಲಿನ, ಬೆನ್ನು ಮುಂದಕ್ಕೆ ಮಡಚಿ ಲಾಕ್ ಆಗುವ ಕಾರಿನ ಸೀಟು ನೋಡಿ. ಪವರ್ ಸೀಟು ಬೇಡ. ಮೋಟಾರು ಕೆಳಗಿದ್ದು ಎತ್ತರ, ತೂಕ ಎರಡೂ ಹೆಚ್ಚು. ಪಕ್ಕದಲ್ಲಿ ಏರ್‌ಬ್ಯಾಗ್ ಇರುವುದನ್ನಂತೂ ಮುಟ್ಟಲೇಬೇಡಿ, ಒಳಗೆ ಸಿಡಿಮದ್ದು ಇರುತ್ತದೆ. ಅಮೆರಿಕದಲ್ಲಿ 1969ಕ್ಕೂ ಹಿಂದಿನ ಕಾರುಗಳಲ್ಲಿ ಹೆಡ್‌ರೆಸ್ಟ್ ಕಡ್ಡಾಯವಿರಲಿಲ್ಲ. ಹಳೆಯ ನೋಟ ಉಳಿಸಲು ಗಿಡ್ಡ ಬೆನ್ನಿನ ಸೀಟು ಚೆಂದವೇ, ಆದರೆ ಹಿಂದಿನಿಂದ ಗುದ್ದಿದರೆ ಕುತ್ತಿಗೆಗೆ ಆಸರೆ ಇರುವುದಿಲ್ಲ.

ಮಸ್ಟಾಂಗ್‌ನಲ್ಲಿ ಸೀಟಿನ ಕೆಳಗೆ ವೆಲ್ಡ್ ಆದ ಪೀಠವನ್ನು ಕತ್ತರಿಸಿ ಇಳಿಸುವ ಆಸೆ ಸಹಜ. ಅದು ಟನಲ್ ಮತ್ತು ಹೊಸ್ತಿಲನ್ನು ಅಡ್ಡಡ್ಡ ಕಟ್ಟಿಹಿಡಿದಿರುವ ಭಾಗ. ತೆಗೆದರೆ ಬಾಡಿ ಬಳುಕುತ್ತದೆ. ಅದರ ಬದಲು ತೆಳು ಬ್ರಾಕೆಟ್ ಮಾಡಿಸಿ. ನೆಲಕ್ಕೆ ಹೊಸ ತೂತು ಕೊರೆದರೆ ಕೆಳಗಿನಿಂದ ಉಕ್ಕಿನ ತಟ್ಟೆ ಕೊಡಿ. ಬರೀ ವಾಷರ್ ಹಾಕಿದರೆ ಅಪಘಾತದಲ್ಲಿ ತಗಡನ್ನು ಹರಿದುಕೊಂಡು ಬೋಲ್ಟ್ ಕಿತ್ತುಬರುತ್ತದೆ. ಬೆಲ್ಟಿನ ಬೋಲ್ಟ್ 7/16 ಇಂಚಿನ, ಇಂಚಿಗೆ 20 ಥ್ರೆಡ್ಡಿನ, ಗ್ರೇಡ್ 8 ಎಂಬ ಗಟ್ಟಿ ದರ್ಜೆಯದ್ದಾಗಿರಲಿ. ಸೀಟು ಇಳಿದ ಮೇಲೆ ಸೊಂಟದ ಬೆಲ್ಟು ಹೊಟ್ಟೆಯ ಮೇಲೆ ಏರಿಲ್ಲ, ಸೊಂಟದ ಮೂಳೆಯ ಮೇಲೇ ಕೂರುತ್ತದೆ ಎಂದು ನೋಡಿಕೊಳ್ಳಿ.

ಕೂರಿಸುವಾಗ ನಾಲ್ಕೂ ಬೋಲ್ಟನ್ನು ಮೊದಲು ಕೈಯಲ್ಲೇ ಬಿಗಿ ಮಾಡಿ. ಹಳೆಯ ನೆಲದ ಒಳಬದಿ, ಹೊರಬದಿ ಒಂದೇ ಮಟ್ಟದಲ್ಲಿರುವುದಿಲ್ಲ. ಅದನ್ನು ಸರಿಮಾಡದೆ ಪೂರ್ತಿ ಬಿಗಿದರೆ ರೈಲು ತಿರುಚಿ ಸ್ಲೈಡರ್ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲಿ ಸಂದು ಕಾಣುತ್ತದೋ ಅಲ್ಲಿ ಶಿಮ್ (ಸಂದು ತುಂಬುವ ತೆಳು ತಗಡು) ಕೊಟ್ಟು, ಸೀಟನ್ನು ಹಿಂದಕ್ಕೆ ತಳ್ಳಿ ಮುಂದಿನ ಎರಡು ಬೋಲ್ಟು, ಮುಂದಕ್ಕೆ ಎಳೆದು ಹಿಂದಿನ ಎರಡು ಬಿಗಿಯಿರಿ. ಎರಡೂ ಕಡೆಯ ಲಾಚ್ ಒಟ್ಟಿಗೇ ಕಚ್ಚುತ್ತದೆಯೇ ಎಂದು ಪ್ರತಿ ಹಲ್ಲಿನಲ್ಲೂ ನಿಲ್ಲಿಸಿ ಪರೀಕ್ಷಿಸಿ.