ಮಗ ಕ್ವಾರ್ಟರ್‌ಬ್ಯಾಕ್ ಆಗಬೇಕಾ? ಹಾಗಿದ್ದರೆ ನೀವು ಸ್ವಲ್ಪ ಸುಮ್ಮನಿರಿ

ಅಮೆರಿಕದ ಡಾಲಸ್ ಸುತ್ತಮುತ್ತ ನಮ್ಮ ಕನ್ನಡದವರ ಮಕ್ಕಳು ಈಗ ಶುಕ್ರವಾರ ರಾತ್ರಿ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದಾರೆ. ಒಬ್ಬಿಬ್ಬರು ಕ್ವಾರ್ಟರ್‌ಬ್ಯಾಕ್ ಕೂಡ, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವರು. ಫಸ್ಟ್ ಡೌನ್ ಅಂದರೇನು, ಟಚ್‌ಡೌನ್ ಅಂದರೇನು ಅಂತ ಇಲ್ಲಿ ಬರೆಯುವುದಿಲ್ಲ, ಅದನ್ನು ಮಕ್ಕಳೇ ನಿಮಗೆ ಹೇಳಿಕೊಟ್ಟಿರುತ್ತಾರೆ. ಅವರು ಹೇಳದೆ ಇರುವುದು ಇನ್ನೊಂದಿದೆ. ತಮ್ಮ ತಂಡಕ್ಕೆ ಆಟಗಾರರನ್ನು ಆರಿಸುವಾಗ ಕಾಲೇಜಿನವರು ಹುಡುಗನ ತೋಳಿನ ಜೊತೆ ಗುಣವನ್ನೂ ಅಳೆಯುತ್ತಾರೆ, ಆ ಅಳತೆಯಲ್ಲಿ ಅಪ್ಪ ಅಮ್ಮನೂ ಸೇರುತ್ತಾರೆ. ಇದು ತಿಳಿಯದೆ ನಾವು ದುಡ್ಡು ಕಳೆದುಕೊಂಡೆವು. ಈಗ ಪ್ರತಿ ವರ್ಷ ಹೊಸಬರು ಅದೇ ಜಾಗದಲ್ಲಿ ಎಡವುತ್ತಿದ್ದಾರೆ.

ಬೆಂಗಳೂರಿನಲ್ಲಿ ಲೀಗ್ ಕ್ರಿಕೆಟ್ ಆಡುವ ಹುಡುಗ ರನ್ ಹೊಡೆದರೆ ಸೆಲೆಕ್ಟರ್ ಕಣ್ಣಿಗೆ ಬೀಳುತ್ತಾನೆ. ಮೇಷ್ಟ್ರ ಹತ್ತಿರ ಹೇಗೆ ಮಾತಾಡುತ್ತಾನೆ ಅಂತ ಯಾರೂ ವಿಚಾರಿಸುವುದಿಲ್ಲ. ಇಲ್ಲಿ ವಿಚಾರಿಸುತ್ತಾರೆ. ನಮ್ಮ ಸ್ಕೂಲಿಗೆ ಬಂದಿದ್ದ ಒಬ್ಬ ಕಾಲೇಜ್ ಕೋಚ್, ಹುಡುಗ ಚೆಂಡು ಎಸೆಯುವುದನ್ನು ಸ್ವಲ್ಪ ಹೊತ್ತು ನೋಡಿ ಸೀದಾ ಅಟೆಂಡೆನ್ಸ್ ಆಫೀಸಿಗೆ ಹೋದರು. ಅಲ್ಲಿ ಕೂತಿದ್ದ ಹೆಂಗಸನ್ನು ‘ಇವನು ಲೇಟಾಗಿ ಬಂದಾಗ ಏನು ಹೇಳ್ತಾನೆ?’ ಅಂತ ಕೇಳಿದರಂತೆ. ಪಂದ್ಯದಲ್ಲೂ ಅಷ್ಟೇ. ಚೆಂಡು ಎದುರಾಳಿಯ ಕೈಗೆ ಹೋದ ಮೇಲೆ ಹುಡುಗ ಹೆಲ್ಮೆಟ್ ಎಸೆದು ಬೆಂಚಿನ ತುದಿಯಲ್ಲಿ ಕೂರುತ್ತಾನಾ, ತಪ್ಪು ದಾರಿಯಲ್ಲಿ ಓಡಿದ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತಾನಾ ಅಂತ ನೋಡುತ್ತಾರೆ. ಪ್ರತಿ ಸಲವೂ ಚೆಂಡು ಅವನ ಕೈಗೇ ಬರುತ್ತದೆ, ಅವನು ಕುಸಿದರೆ ತಂಡವೇ ಕುಸಿಯುತ್ತದೆ.

ಈಗ ದುಡ್ಡಿನ ವಿಷಯ. ಒಂಬತ್ತನೇ ಕ್ಲಾಸಿನ ಬೇಸಿಗೆಯಲ್ಲಿ ಯಾವುದೋ ಕ್ಯಾಂಪಿಗೆ ಹೋಗಿ ಬಂದ ಮೇಲೆ ಮನೆಗೆ ಫೋನ್ ಬರುತ್ತದೆ. ‘ನಿಮ್ಮ ಮಗನ ವಿಡಿಯೋ ನೋಡಿದೆವು. ಎಲ್ಲರನ್ನೂ ನಾವು ತಗೊಳ್ಳುವುದಿಲ್ಲ, ಇವನಲ್ಲಿ ಏನೋ ಇದೆ’ ಅನ್ನುತ್ತಾರೆ. ಮಾತಾಡುತ್ತಿರುವವರು ಕಾಲೇಜಿನವರಲ್ಲ, ರಿಕ್ರೂಟಿಂಗ್ ಸರ್ವಿಸ್ ಅನ್ನುವ ಖಾಸಗಿ ಕಂಪನಿಯವರು. ಸಣ್ಣದು, ದೊಡ್ಡದು ಅಂತ ಪ್ಯಾಕೇಜ್ ಇರುತ್ತದೆ. ನಮ್ಮವರು ದೊಡ್ಡದನ್ನೇ ತಗೊಳ್ಳುತ್ತಾರೆ, ಮಗನ ವಿಷಯ ಅಲ್ವಾ? ಸಾವಿರಾರು ಡಾಲರ್ ಹೋಗುತ್ತದೆ. ಅದಕ್ಕೆ ಸಿಗುವುದು ಹುಡುಗನ ಹೆಸರಿನಲ್ಲಿ ಒಂದು ಪ್ರೊಫೈಲ್, ನೂರಾರು ಕಾಲೇಜಿಗೆ ಒಂದೇ ಇಮೇಲ್.

ಸ್ವಲ್ಪ ದಿನಕ್ಕೆ ಕಾಲೇಜುಗಳ ಲೋಗೋ ಇರುವ ಕಾಗದಗಳು ಬರತೊಡಗುತ್ತವೆ. ಅಮ್ಮ ಅವನ್ನು ಫ್ರಿಜ್ ಮೇಲೆ ಅಂಟಿಸುತ್ತಾರೆ. ಸಂಘದ ಯುಗಾದಿ ಊಟದಲ್ಲಿ ಸುದ್ದಿ ಹರಡುತ್ತದೆ. ಬಿಡಿಸಿ ಓದಿದರೆ ಬಹುಪಾಲು ಕ್ಯಾಂಪ್ ಜಾಹೀರಾತು, ಫೀಸು ಕಟ್ಟಿ ಬನ್ನಿ ಅಂತ. ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎ ನಿಯಮದಲ್ಲಿ ಇಂಥ ಜಾಹೀರಾತನ್ನು, ಪ್ರಶ್ನೆಗಳ ಫಾರ್ಮನ್ನು ಎಷ್ಟು ಚಿಕ್ಕ ಹುಡುಗನಿಗೆ ಬೇಕಾದರೂ ಕಳಿಸಬಹುದು. ಡಿವಿಷನ್ 1, ಅಂದರೆ ಎಲ್ಲಕ್ಕಿಂತ ಮೇಲಿನ ಹಂತದ ಕಾಲೇಜಿನ ಫುಟ್‌ಬಾಲ್ ಕೋಚ್ ನಿಮ್ಮ ಹುಡುಗನಿಗೇ ಅಂತ ಖುದ್ದಾಗಿ ಬರೆಯುವುದಕ್ಕೆ ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1 ಬರಬೇಕು. ಅದಕ್ಕೆ ಮುಂಚಿನ ಕಾಗದ ನೋಡಿ ವಿಮಾನದ ಟಿಕೆಟ್ ಮಾಡಿಸಬೇಡಿ.

ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆ ಇಮೇಲ್ ಹುಡುಗ ಬರೆದದ್ದಲ್ಲ ಅಂತ ಕೋಚ್‌ಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಹದಿನೈದರ ಹುಡುಗ ‘ತಮ್ಮ ಸಂಸ್ಥೆಯ ಮೌಲ್ಯಗಳು ನನ್ನ ಗುರಿಗೆ ಹೊಂದುತ್ತವೆ’ ಅಂತ ಬರೆಯುತ್ತಾನಾ? ಈ ಆಟ ಬೇಕಾಗಿರುವುದು ಮಗನಿಗೋ ಅಪ್ಪನಿಗೋ ಅನ್ನುವ ಅನುಮಾನ ಅಲ್ಲಿಂದಲೇ ಶುರು. ಆಮೇಲೆ ಅಪ್ಪ ಹೈಸ್ಕೂಲ್ ಕೋಚ್‌ಗೆ ಫೋನ್ ಮಾಡಿ ‘ನನ್ನ ಮಗನನ್ನು ಯಾಕೆ ಆಡಿಸಲಿಲ್ಲ’ ಅಂದರೆ ಮುಗಿಯಿತು. ಕಾಲೇಜಿನವರು ಮೊದಲು ವಿಚಾರಿಸುವುದೇ ಆ ಕೋಚ್‌ನ.

ಹೆಸರಾಂತ ಕ್ವಾರ್ಟರ್‌ಬ್ಯಾಕ್ ಜಾಶ್ ಆಲನ್ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ರೈತರ ಮನೆ ಹುಡುಗ. ಹೈಸ್ಕೂಲ್ ಮುಗಿದಾಗ ಡಿವಿಷನ್ 1 ಕಾಲೇಜು ಒಂದೂ ಕರೆಯಲಿಲ್ಲ. ರೀಡ್ಲಿ ಅನ್ನುವ ಜೂನಿಯರ್ ಕಾಲೇಜಿನಲ್ಲಿ ಆಡುತ್ತಾ, ತಾನೇ ಕೂತು ದೇಶದ ಕೋಚ್‌ಗಳಿಗೆಲ್ಲ ಇಮೇಲ್ ಹಾಕಿದ. ಕೊನೆಗೆ ವಯೋಮಿಂಗ್ ಯೂನಿವರ್ಸಿಟಿ ತಗೊಂಡಿತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ, 2018ರ ಡ್ರಾಫ್ಟ್‌ನಲ್ಲಿ ಅವನು 7ನೆಯವನಾಗಿ ಬಫಲೋ ತಂಡಕ್ಕೆ ಹೋದ. ಅವನು ಹಾಕಿದ್ದೂ ರಾಶಿ ಇಮೇಲೇ, ಆದರೆ ಹಾಕಿದವನು ಅವನು.

ಅದೇ ಡ್ರಾಫ್ಟ್‌ನಲ್ಲಿ 10ನೆಯವನು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್, ಜಾಶ್ ರೋಸನ್. ಅಪ್ಪ ಡಾಕ್ಟರ್, ಅನುಕೂಲಸ್ಥರು. ಇವನಿಗೆ ಎಲ್ಲಕ್ಕೂ ‘ಯಾಕೆ’ ಅಂತ ಗೊತ್ತಾಗಬೇಕು ಅಂತ ಅವನ ಕಾಲೇಜ್ ಕೋಚ್ ಆಗಿದ್ದ ಜಿಮ್ ಮೋರಾ ಅವರೇ ಹೇಳಿದ್ದರು. ಅಷ್ಟಕ್ಕೇ ‘ಇವನಿಗೆ ಹಸಿವಿಲ್ಲ’ ಅನ್ನುವ ಮಾತು ಹುಟ್ಟಿತು. ಅವನನ್ನು ತಗೊಂಡಿದ್ದ ಅರಿಜೋನಾ ತಂಡ ಒಂದೇ ವರ್ಷಕ್ಕೆ ಕಳಿಸಿಬಿಟ್ಟಾಗ ಜನ ‘ನೋಡಿದ್ರಾ?’ ಅಂದರು. ನಾನು ಒಪ್ಪುವುದಿಲ್ಲ. ಆ ವರ್ಷ 16 ಪಂದ್ಯದಲ್ಲಿ 13 ಸೋತ ತಂಡ ಅದು, ಕೋಚ್‌ನನ್ನೂ ತೆಗೆದುಹಾಕಿತು.

ನಮ್ಮ ಮಕ್ಕಳ ಮೇಲೂ ಇದೇ ಅನುಮಾನ. ಫ್ರಿಸ್ಕೋದಲ್ಲಿ ಮನೆ, ಅಪ್ಪ ಅಮ್ಮ ಇಬ್ಬರಿಗೂ ಐಟಿ ಕೆಲಸ. ಕೋಚ್ ಎದುರು ಅಪ್ಪ ಹೆಮ್ಮೆಯಿಂದ ‘ನಮಗೆ ಓದೇ ಮೊದಲು, ಆಟ ಆಮೇಲೆ’ ಅನ್ನುತ್ತಾರೆ. ಕೋಚ್ ಕಿವಿಗೆ ಅದು ‘ಕಷ್ಟ ಬಂದರೆ ಇವನು ಬಿಟ್ಟುಹೋಗುತ್ತಾನೆ’ ಅಂತ ಕೇಳಿಸುತ್ತದೆ. ಮಾರ್ಕ್ಸ್ ಕಾರ್ಡ್ ಕೊಟ್ಟು ಸುಮ್ನೆ ಕೂತರೆ ಸಾಕು. ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲದ, ಹಾರ್ವರ್ಡ್‌ನಂಥ ಐವಿ ಲೀಗ್ ಮತ್ತು ಕೆಳಗಿನ ಹಂತದ ಡಿವಿಷನ್ 3 ಕಾಲೇಜುಗಳಲ್ಲಿ ಮಾತ್ರ ಆ ಮಾತು ಧೈರ್ಯವಾಗಿ ಆಡಬಹುದು.

ಎನ್‌ಎಫ್‌ಎಲ್‌ನವರು ಗುಣ ಅಳೆಯುವ ರೀತಿಯ ಬಗ್ಗೆ ನನಗೆ ಅಂಥ ಗೌರವವೇನಿಲ್ಲ. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಪೊಲಿಸ್‌ನಲ್ಲಿ ಹುಡುಗರನ್ನು ಕೂರಿಸಿಕೊಂಡು ಒಂದಷ್ಟು ನಿಮಿಷ ಮಾತಾಡಿಸುತ್ತಾರೆ, ಉಪ್ಪಿಟ್ಟು ಕೇಸರಿಬಾತ್ ತಿಂದು ಹುಡುಗಿಯ ಗುಣ ಹೇಳುವವರ ಹಾಗೆ. 12 ನಿಮಿಷದಲ್ಲಿ 50 ಪ್ರಶ್ನೆಯ ವಂಡರ್‌ಲಿಕ್ ಬುದ್ಧಿ ಪರೀಕ್ಷೆಯನ್ನೂ 2022ರಲ್ಲಿ ಕೈಬಿಟ್ಟರು. 1998ರ ಡ್ರಾಫ್ಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಪೇಯ್ಟನ್ ಮ್ಯಾನಿಂಗ್ ಮೇಲಾ, ರಯನ್ ಲೀಫ್ ಮೇಲಾ ಅಂತ ತಲೆ ಕೆಡಿಸಿಕೊಂಡಿದ್ದರು. 2ನೆಯವನಾಗಿ ಹೋದ ಲೀಫ್ ಕೆಲವೇ ವರ್ಷಕ್ಕೆ ಮರೆಯಾದ. ಆಮೇಲೆ ಎಲ್ಲರಿಗಿಂತ ಹೆಚ್ಚು ಗೆದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿ ಸಿಕ್ಕಿದ್ದು 2000ದಲ್ಲಿ, 199ನೆಯವನಾಗಿ. 2022ರಲ್ಲಂತೂ ಅರಿಜೋನಾದವರು ತಮ್ಮ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿಯ ಕಾಂಟ್ರ್ಯಾಕ್ಟಿನಲ್ಲಿ ವಾರಕ್ಕೆ 4 ಗಂಟೆ ಹೋಮ್‌ವರ್ಕ್ ಮಾಡಬೇಕು ಅಂತ ಬರೆಸಿ, ಊರೆಲ್ಲ ನಕ್ಕ ಮೇಲೆ ತೆಗೆದರು. ನಾಲ್ಕು ವರ್ಷ ದಿನಾ ನೋಡಿದ ಹೈಸ್ಕೂಲ್ ಕೋಚ್ ಮಾತಿಗೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಇಮೇಲ್ ಮಗನೇ ಬರೆಯಲಿ. ಎತ್ತರ, ಜಿಪಿಎ, ಹಡಲ್ ಅನ್ನುವ ಸೈಟಿನಲ್ಲಿರುವ ತನ್ನ ಆಟದ ವಿಡಿಯೋ ಲಿಂಕ್, ಆ ಕಾಲೇಜೇ ಯಾಕೆ ಅಂತ ಎರಡು ಸಾಲು. ಸ್ಪೆಲಿಂಗ್ ಬಿಟ್ಟು ಬೇರೇನೂ ತಿದ್ದಬೇಡಿ. ನೀವು ನೋಡಿಕೊಳ್ಳಬೇಕಾದ್ದು ಎನ್‌ಸಿಎಎ ಲೆಕ್ಕದ 16 ಕೋರ್ ವಿಷಯಗಳನ್ನು, ಅಂದರೆ ಇಂಗ್ಲಿಷ್, ಗಣಿತದಂಥ ಮುಖ್ಯ ಪಾಠಗಳನ್ನು. ಡಿವಿಷನ್ 1ಕ್ಕೆ ಅವುಗಳಲ್ಲಿ 10 ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ ಮುಗಿದಿರಬೇಕು. ಕೌನ್ಸೆಲರ್ ಹತ್ತಿರ ಆ ಪಟ್ಟಿಯನ್ನು ಒಂಬತ್ತನೇ ಕ್ಲಾಸಿನಲ್ಲೇ ಕೇಳಿ ಇಟ್ಟುಕೊಳ್ಳಿ.