ಹುದ್ದೆ ಕಡಿತವಾದ ನೌಕರರ ಅಂತಿಮ ಲೆಕ್ಕವನ್ನು ಟ್ಯಾಲಿಯಲ್ಲಿ ಚುಕ್ತಾ ಮಾಡುವ ಕ್ರಮ

ಹುದ್ದೆ ಕಡಿತದಿಂದ ಕೆಲಸ ಬಿಡುವ ನೌಕರರಿಗೆ ಸಲ್ಲಬೇಕಾದ ಹಣವನ್ನೆಲ್ಲ ಒಟ್ಟುಗೂಡಿಸಿ, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಒಂದೇ ಸಂಬಳದ ಬಾಬಿನಲ್ಲಿ, ಅಂದರೆ ಪೇ ಹೆಡ್‌ನಲ್ಲಿ ನಮೂದಿಸುವ ರೂಢಿ ಅನೇಕ ಕಚೇರಿಗಳಲ್ಲಿದೆ. ಅದು ಸುಲಭವಾಗಿ ಕಂಡರೂ ತಪ್ಪು ದಾರಿ, ಏಕೆಂದರೆ ಪ್ರತಿಯೊಂದು ಬಾಬಿಗೂ ಲೆಕ್ಕದ ಸೂತ್ರ ಬೇರೆ, ತೆರಿಗೆಯ ನಿಯಮ ಬೇರೆ, ಪಾವತಿಯ ಗಡುವೂ ಬೇರೆ.

ಆದ್ದರಿಂದ ಮೊದಲು ಕೊನೆಯ ತಿಂಗಳ ಸಂಬಳ, ನೋಟಿಸ್ ಅವಧಿಯ ವೇತನ, ರಜೆ ನಗದೀಕರಣ (ಉಳಿದ ರಜೆಗೆ ಕೊಡುವ ಹಣ), ಗ್ರಾಚ್ಯುಯಿಟಿ (ಸೇವಾವಧಿಗೆ ತಕ್ಕಂತೆ ಕೊಡುವ ಉಪಧನ) ಮತ್ತು ಹುದ್ದೆ ಕಡಿತದ ಪರಿಹಾರ ಎಂದು ಪ್ರತ್ಯೇಕ ಪೇ ಹೆಡ್‌ಗಳನ್ನು ತೆರೆಯಬೇಕು. ಇವುಗಳಲ್ಲಿ ಅಪರೂಪಕ್ಕೆ ಬಳಸುವವುಗಳ ಲೆಕ್ಕದ ವಿಧಾನವನ್ನು ‘ಯೂಸರ್ ಡಿಫೈನ್ಡ್ ವ್ಯಾಲ್ಯೂ’ ಎಂದಿಟ್ಟು, ಮೊತ್ತವನ್ನು ಕೈಯಾರೆ ಲೆಕ್ಕಹಾಕಿ ತುಂಬುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಹೆಚ್ಚು ಎಡವುವುದು ಕೊನೆಯ ಎರಡು ಬಾಬುಗಳಲ್ಲಿ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 36,400 ರೂಪಾಯಿ ಪಡೆಯುತ್ತಿದ್ದ ಕಾರ್ಮಿಕರೊಬ್ಬರು 7 ವರ್ಷ 8 ತಿಂಗಳು ದುಡಿದಿದ್ದಾರೆನ್ನೋಣ. ಆರು ತಿಂಗಳು ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸುವುದರಿಂದ ಸೇವೆ 8 ವರ್ಷವಾಗುತ್ತದೆ. ಗ್ರಾಚ್ಯುಯಿಟಿಗೆ ತಿಂಗಳ ವೇತನವನ್ನು, ತಿಂಗಳ ಕೆಲಸದ ದಿನಗಳೆಂದು ಎಣಿಸುವ 26ರಿಂದ ಭಾಗಿಸಿ, 15ರಿಂದಲೂ 8ರಿಂದಲೂ ಗುಣಿಸಿದರೆ 1,68,000 ರೂಪಾಯಿ ಬರುತ್ತದೆ. ಹುದ್ದೆ ಕಡಿತದ ಪರಿಹಾರವೂ ವರ್ಷಕ್ಕೆ 15 ದಿನದ ಲೆಕ್ಕವೇ ಆದರೂ ಅಲ್ಲಿ 15 ದಿನವೆಂದರೆ ಅರ್ಧ ತಿಂಗಳು. ಸರಾಸರಿ ವೇತನವೂ ಅಷ್ಟೇ ಇದ್ದರೆ 18,200ನ್ನು 8ರಿಂದ ಗುಣಿಸಿ 1,45,600 ರೂಪಾಯಿ ಕೊಡಬೇಕು. ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಿದರೆ 22,400 ರೂಪಾಯಿ ಏರುಪೇರಾಗುತ್ತದೆ, ಮತ್ತು ತಂತ್ರಾಂಶ ಅದನ್ನು ಎಂದಿಗೂ ಎತ್ತಿ ತೋರಿಸುವುದಿಲ್ಲ.

ತೆರಿಗೆ ವಿನಾಯಿತಿಯ ಗರಿಷ್ಠ ಮಿತಿ ಖಾಸಗಿ ನೌಕರರಿಗೆ ಗ್ರಾಚ್ಯುಯಿಟಿಯಲ್ಲಿ 20 ಲಕ್ಷ, ರಜೆ ನಗದೀಕರಣದಲ್ಲಿ 25 ಲಕ್ಷ, ಹುದ್ದೆ ಕಡಿತದ ಪರಿಹಾರದಲ್ಲಿ 5 ಲಕ್ಷ ರೂಪಾಯಿ; ನೋಟಿಸ್ ವೇತನಕ್ಕೆ ವಿನಾಯಿತಿಯೇ ಇಲ್ಲ. ಪೇ ಹೆಡ್ ತೆರೆಯುವಾಗಲೇ ಅದು ಆದಾಯ ತೆರಿಗೆಯ ಯಾವ ಘಟಕಕ್ಕೆ ಸೇರಿದ್ದೆಂದು ಗುರುತಿಸಿದ್ದರೆ ಸಂಬಳದ ತೆರಿಗೆ ಕಡಿತದ ಪ್ರಮಾಣಪತ್ರ ಸಿದ್ಧಪಡಿಸುವಾಗ ಪರದಾಡಬೇಕಾಗುವುದಿಲ್ಲ. ಗ್ರಾಚ್ಯುಯಿಟಿ ಮತ್ತು ಪರಿಹಾರದ ಮೇಲೆ ಭವಿಷ್ಯ ನಿಧಿಯ ಕಡಿತ ಬೀಳದಂತೆಯೂ ನೋಡಿಕೊಳ್ಳಬೇಕು. ಮೇಲಿನ ಉದಾಹರಣೆಯ ಕಾರ್ಮಿಕರಿಗೆ ಕರ್ನಾಟಕದ ವೃತ್ತಿ ತೆರಿಗೆ ಎಂದಿನಂತೆ 200 ರೂಪಾಯಿ. ಕೊನೆಯ ತಿಂಗಳು ಫೆಬ್ರುವರಿಯಾಗಿದ್ದರೆ 300.

ಇಷ್ಟಾದ ಮೇಲೆ ಸಂಬಳವನ್ನು ದಾಖಲಿಸುವ ಪೇರೋಲ್ ವೋಚರ್ ತೆರೆದು ಮೊತ್ತಗಳನ್ನು ತುಂಬಿ, ಬಾಕಿ ಸಾಲ ಮತ್ತು ಮುಂಗಡವನ್ನು ಕಳೆಯಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಗ್ರಾಚ್ಯುಯಿಟಿಗೆ 30 ದಿನಗಳ ಅವಕಾಶವಿದೆ. ಎರಡನ್ನೂ ಒಂದೇ ವೋಚರ್‌ಗೆ ಕಟ್ಟಿಹಾಕಿ, ಗ್ರಾಚ್ಯುಯಿಟಿಯ ಮಂಜೂರಾತಿ ಬರಲೆಂದು ಸಂಬಳವನ್ನೂ ತಡೆಹಿಡಿಯುವುದು ಸಲ್ಲದು.

ಟ್ಯಾಲಿಯಲ್ಲಿ ನೌಕರರ ವಿವರವಿರುವ ಮಾಸ್ಟರ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನೂ ಕಾರಣವನ್ನೂ ನಮೂದಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳಿತು, ಏಕೆಂದರೆ ಅದಾದ ಬಳಿಕ ಮುಂದಿನ ವೋಚರ್‌ಗಳ ಪಟ್ಟಿಯಿಂದ ಆ ಹೆಸರು ಕೈಬಿಟ್ಟುಹೋಗಬಹುದು. ಭವಿಷ್ಯ ನಿಧಿಯ ಪೋರ್ಟಲ್‌ನಲ್ಲಿಯೂ ಅದೇ ದಿನಾಂಕ, ಅದೇ ಕಾರಣ ಇರುವಂತೆ ಅಂದೇ ದಾಖಲಿಸಬೇಕು.